ಹೊಸ ಗೋಲ್ಡ್ ಫಿಶ್ ಟ್ಯಾಂಕ್: ನೀರು ಬೆಳ್ಳಗಾದರೆ ಎಲ್ಲವನ್ನೂ ತೊಳೆಯಬೇಕಾ?

ಪ್ರಶ್ನೆ: 40 ಲೀಟರಿನ ಹೊಸ ಟ್ಯಾಂಕಿಗೆ ಎರಡು ಚಿಕ್ಕ ಗೋಲ್ಡ್ ಫಿಶ್ ಬಿಟ್ಟು ಹತ್ತು ದಿನ ಆಯಿತು. ನಾಲ್ಕನೇ ದಿನ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಯಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿದೆ. ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದು ಹೊಸ ನೀರು ತುಂಬಿದೆ. ಮೂರೇ ದಿನಕ್ಕೆ ಮತ್ತೆ ಬೆಳ್ಳಗಾಗಿದೆ. ಈಗ ಒಂದು ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ, ಇನ್ನೊಂದು ಮೂಲೆಯಲ್ಲಿ ತಳಕ್ಕೆ ಕೂತಿದೆ. ಮತ್ತೆ ಎಲ್ಲ ತೊಳೆಯಬೇಕಾ? ನೀರು ಸರಿಯಾದ ಮೇಲೆ ಮೂರನೇ ಮೀನು ತರಬಹುದಾ?

ಉತ್ತರ: ತೊಳೆಯಬೇಡಿ. ಫಿಲ್ಟರನ್ನಂತೂ ಮುಟ್ಟಲೇಬೇಡಿ. ಮೊದಲು ಮೀನುಗಳ ಕಡೆ ನೋಡೋಣ, ಕಾರಣ ಆಮೇಲೆ ಹೇಳುತ್ತೇನೆ.

ಇವತ್ತೇ ಅರ್ಧದಷ್ಟು ನೀರು ತೆಗೆದು ಹೊಸ ನೀರು ಹಾಕಿ. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಅದರ ಬಿಸಿ ಟ್ಯಾಂಕಿನ ನೀರಿನಷ್ಟೇ ಇರಬೇಕು. ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಮೀನುಗಳನ್ನು ಹೊರಗೆ ತೆಗೆಯುವುದು ಬೇಡ, ಹಿಡಿದು ಎತ್ತಿದರೆ ಇನ್ನಷ್ಟು ಗಾಬರಿಯಾಗುತ್ತವೆ. ನಾಲ್ಕೈದು ಗಂಟೆ ಬಿಟ್ಟು ಇನ್ನೊಮ್ಮೆ ಅರ್ಧ ನೀರು ಬದಲಿಸಿ. ಲೆಕ್ಕ ಸುಲಭ. ಮೀನನ್ನು ಕಾಡುವ ವಿಷ ಅಮೋನಿಯಾ. ಅದು ನೀರಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೆ, ಮೊದಲ ಸಲಕ್ಕೆ ಅದು 1ಕ್ಕೆ ಇಳಿಯುತ್ತದೆ, ಎರಡನೇ ಸಲಕ್ಕೆ 0.5ಕ್ಕೆ. ಏರ್ ಪಂಪ್ ಇದ್ದರೆ ಹಗಲು ರಾತ್ರಿ ಓಡಲಿ. ಎರಡು ದಿನ ಊಟ ಹಾಕಬೇಡಿ. ಆರೋಗ್ಯವಾಗಿರುವ ಗೋಲ್ಡ್ ಫಿಶ್ ಎರಡು ದಿನದ ಉಪವಾಸಕ್ಕೆ ಏನೂ ಆಗುವುದಿಲ್ಲ. ಈ ನೀರಿನಲ್ಲಿ ಒಂದು ಚಿಟಿಕೆ ಜಾಸ್ತಿ ಊಟ ಮಾತ್ರ ಅದಕ್ಕೆ ನಿಜವಾಗಿಯೂ ಅಪಾಯ.

ಈಗ ಕಾರಣಕ್ಕೆ ಬರೋಣ. ನಿಮ್ಮ ಟ್ಯಾಂಕಿನಲ್ಲಿ ಎರಡು ಬೇರೆ ಬೇರೆ ವಿಷಯ ನಡೆಯುತ್ತಿವೆ. ಬೆಳ್ಳಗಾಗಿರುವುದು ಒಂದು, ಮೀನು ಒದ್ದಾಡುತ್ತಿರುವುದು ಇನ್ನೊಂದು. ಎರಡೂ ಒಟ್ಟಿಗೆ ಕಾಣಿಸಿದ್ದರಿಂದ ಬೆಳ್ಳಗಿನ ನೀರೇ ಮೀನಿಗೆ ತೊಂದರೆ ಕೊಡುತ್ತಿದೆ ಅನಿಸುತ್ತದೆ, ಅಲ್ವಾ? ಹಾಗೇನಿಲ್ಲ.

ಆ ಬಿಳಿ ಬಣ್ಣ ನೀರಿನಲ್ಲಿ ತೇಲುವ ಒಂದು ಬಗೆಯ ಬ್ಯಾಕ್ಟೀರಿಯಾದ್ದು. ಉಳಿದ ಊಟ, ಮೀನಿನ ಹಿಕ್ಕೆ ತಿಂದು ಬದುಕುವ ಇವು ಹೊಸ ಟ್ಯಾಂಕಿನಲ್ಲಿ ಒಮ್ಮೆಲೇ ಹೆಚ್ಚುತ್ತವೆ. ಅರ್ಧ ಗಂಟೆ, ಒಂದು ಗಂಟೆಗೆಲ್ಲ ಇಮ್ಮಡಿಯಾಗಬಲ್ಲವು. ಹಾಗಾಗಿ ನೀರನ್ನೆಲ್ಲ ಚೆಲ್ಲಿದರೂ ಮತ್ತೆ ಬರುತ್ತವೆ. ಮೀನಿಗೆ ಇವುಗಳಿಂದ ನೇರವಾಗಿ ಕೆಡುಕಿಲ್ಲ. ಆಮ್ಲಜನಕವನ್ನು ಮಾತ್ರ ಬಳಸಿಕೊಳ್ಳುತ್ತವೆ, ಅದಕ್ಕೇ ಏರ್ ಪಂಪ್ ಬೇಕೆಂದು ಹೇಳಿದ್ದು. ಊಟ ಕಡಿಮೆ ಮಾಡಿದರೆ ಕೆಲವು ದಿನಗಳಲ್ಲಿ ನೀರು ತಾನಾಗಿಯೇ ತಿಳಿಯಾಗುತ್ತದೆ. ನೀರು ತಿಳಿ ಮಾಡುತ್ತೇವೆ ಎಂದು ಹೇಳಿಕೊಳ್ಳುವ ದ್ರವಗಳನ್ನು ಸುರಿಯಬೇಡಿ. ಅವು ಬಿಳಿಯನ್ನು ಮರೆಮಾಡಬಹುದು, ಮೀನನ್ನು ಕಾಡುತ್ತಿರುವುದನ್ನು ತೆಗೆಯುವುದಿಲ್ಲ.

ಮೀನನ್ನು ಕಾಡುತ್ತಿರುವುದು ಬಹುಮಟ್ಟಿಗೆ ಅಮೋನಿಯಾ. ಅದಕ್ಕೆ ಬಣ್ಣವಿಲ್ಲ. ಗಾಜಿನಷ್ಟು ತಿಳಿಯಾದ ನೀರಿನಲ್ಲೂ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇರಬಹುದು. ಮೀನು ತಿಂದ ಊಟದಲ್ಲಿರುವ ಪ್ರೋಟೀನ್ ಅದರ ದೇಹದಲ್ಲಿ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದರ ಹೆಚ್ಚಿನ ಪಾಲು ಹೊರಗೆ ಬರುವುದು ಕಿವಿರಿನಿಂದ. ಅಂದರೆ ನೀವು ಹಿಕ್ಕೆಯನ್ನೆಲ್ಲ ಬಾಚಿ ತೆಗೆದರೂ ಮೀನು ಉಸಿರಾಡುತ್ತಲೇ ಅಮೋನಿಯಾ ಬಿಡುತ್ತಿರುತ್ತದೆ. ಕೆರೆಯಲ್ಲಾದರೆ ಅದು ಅಷ್ಟು ನೀರಿನಲ್ಲಿ ಕರಗಿ ಹೋಗುತ್ತದೆ. 40 ಲೀಟರಿನಲ್ಲಿ ಹೋಗಲು ಜಾಗ ಇಲ್ಲ. ನೀರಲ್ಲಿ ಅಮೋನಿಯಾ ಹೆಚ್ಚಾದರೆ ಒಳಗಿನದನ್ನು ಹೊರಗೆ ಹಾಕುವುದಕ್ಕೂ ಮೀನಿಗೆ ಆಗುವುದಿಲ್ಲ, ಕಿವಿರು ಸುಡುತ್ತದೆ. ಆಗಲೇ ಅದು ಮೇಲೆ ಬಂದು ಬಾಯಿ ಬಿಡುವುದು, ರೆಕ್ಕೆ ಮುದುರಿಕೊಂಡು ತಳದಲ್ಲಿ ಕೂರುವುದು.

ಇದನ್ನು ತಡೆಯುವುದು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ. ಇವು ನೀರಲ್ಲಿ ತೇಲುವುದು ತೀರಾ ಕಡಿಮೆ. ಸ್ಪಂಜು, ಕಲ್ಲು, ಗಾಜು ಹೀಗೆ ಯಾವುದಾದರೂ ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಇವುಗಳಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ನೀರು ಬದಲಿಸಿ ತೆಗೆಯಬಹುದು. ತೊಂದರೆ ಏನೆಂದರೆ ಈ ಕೆಲಸದ ಬ್ಯಾಕ್ಟೀರಿಯಾ ಬೆಳೆಯುವುದು ಬಹಳ ನಿಧಾನ. ಒಂದು ಎರಡಾಗಲು ಸುಮಾರು ಒಂದು ದಿನ ಬೇಕು. ಹೊಸ ಫಿಲ್ಟರಿನಲ್ಲಿ ಇವು ಸಾಕಷ್ಟು ತುಂಬಲು 4ರಿಂದ 6 ವಾರ ಹಿಡಿಯುತ್ತದೆ, ಕೆಲವೊಮ್ಮೆ 8 ವಾರವೂ ಆಗುತ್ತದೆ. ಟ್ಯಾಂಕ್ ಸೈಕಲ್ ಆಗುವುದು ಎಂದು ಮೀನು ಸಾಕುವವರು ಹೇಳುವುದು ಇದನ್ನೇ.

ನೀವು ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದಿರಿ. ಅಲ್ಲಿ ಆಗಷ್ಟೇ ಹುಟ್ಟುತ್ತಿದ್ದ ಬ್ಯಾಕ್ಟೀರಿಯಾ ಒಂದಷ್ಟು ಕ್ಲೋರಿನ್ನಿಗೆ ಸತ್ತವು, ಉಳಿದವು ಕೊಚ್ಚಿಹೋದವು. ಲೆಕ್ಕ ಮತ್ತೆ ಮೊದಲಿಂದ ಶುರುವಾಯಿತು. ಇದರಲ್ಲಿ ಬೇಸರ ಮಾಡಿಕೊಳ್ಳುವಂಥದ್ದು ಏನಿಲ್ಲ. ಕೊಳೆ ಕಂಡರೆ ತೊಳೆಯಬೇಕು ಎನ್ನುವುದು ಮನೆಯ ಎಲ್ಲ ಪಾತ್ರೆಗೂ ಸರಿ, ಇದೊಂದಕ್ಕೆ ಮಾತ್ರ ಸರಿಹೋಗುವುದಿಲ್ಲ. ಸ್ಪಂಜಿನ ಮೇಲೆ ಕಂದು ಬಣ್ಣದ ಲೋಳೆ ಕೂತರೆ ಸಂತೋಷಪಡಿ. ನೀರು ತೀರಾ ನಿಧಾನವಾಗಿ ಹರಿಯಲು ಶುರುವಾದಾಗ ಮಾತ್ರ, ಟ್ಯಾಂಕಿನಿಂದಲೇ ತೆಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಅದರಲ್ಲಿ ಸ್ಪಂಜನ್ನು ನಾಲ್ಕು ಸಲ ಹಿಂಡಿ ವಾಪಸ್ ಹಾಕಿ. ಅಷ್ಟು ಸಾಕು. ತಿಂಗಳಿಗೊಮ್ಮೆ ಹೊಸ ಸ್ಪಂಜು ಹಾಕಿ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಹಾಕಬೇಡಿ. ಸ್ಪಂಜು ಹರಿದು ಚಿಂದಿಯಾದರೆ ಹಳೆಯದರ ಪಕ್ಕದಲ್ಲೇ ಹೊಸದನ್ನೂ ಇಟ್ಟು, ಒಂದು ತಿಂಗಳಾದ ಮೇಲೆ ಹಳೆಯದನ್ನು ತೆಗೆಯಿರಿ. ರಾತ್ರಿ ಸದ್ದು ಬರುತ್ತದೆ ಎಂದು ಫಿಲ್ಟರ್ ಆರಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ನೀರಿನ ಹರಿವು ನಿಂತರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗುವುದಿಲ್ಲ.

ನೀರು ಬದಲಿಸಿದರೆ ಬ್ಯಾಕ್ಟೀರಿಯಾ ಹೋಗುತ್ತದಲ್ಲ ಎಂದು ತುಂಬಾ ಜನ ಹೆದರುತ್ತಾರೆ. ಅದು ಇರುವುದು ಸ್ಪಂಜಿನಲ್ಲಿ. ನೀರನ್ನು ಧೈರ್ಯವಾಗಿ ಬದಲಿಸಿ.

ಮುಂದಿನ ವಾರಗಳಲ್ಲಿ ನಿಮಗೆ ದಾರಿ ತೋರಿಸುವುದು ಟೆಸ್ಟ್ ಕಿಟ್. ಇದಿಲ್ಲದೆ ನೀವು ಮಾಡುವುದೆಲ್ಲ ಬರೀ ಊಹೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ತೋರಿಸುವ ಅಂಕಿ) ಈ ನಾಲ್ಕನ್ನೂ ಅಳೆಯುವ, ಹನಿ ಹಾಕಿ ಬಣ್ಣ ನೋಡುವ ಕಿಟ್ ತೆಗೆದುಕೊಳ್ಳಿ. ಅದ್ದಿ ತೆಗೆಯುವ ಕಾಗದದ ಪಟ್ಟಿಗಳಿಗಿಂತ ಇದು ನಂಬಿಕೆಗೆ ಅರ್ಹ. ಪಟ್ಟಿಗಳಲ್ಲಿ ಎಷ್ಟೋ ಸಲ ಅಮೋನಿಯಾ ಪರೀಕ್ಷೆಯೇ ಇರುವುದಿಲ್ಲ, ನಿಮಗೆ ಬೇಕಾಗಿರುವುದು ಅದೇ. ಹನಿ ಕಿಟ್ಟಿನಲ್ಲಿ ನೈಟ್ರೇಟ್ ಪರೀಕ್ಷೆಯ ಬಾಟಲಿಯನ್ನು ಜೋರಾಗಿ ಕುಲುಕಬೇಕೆಂದು ಬರೆದಿದ್ದರೆ ನಿಜವಾಗಿಯೂ ಅಷ್ಟು ಹೊತ್ತು ಕುಲುಕಿ. ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ, ಸುಮ್ನೆ ಒಮ್ಮೆ ಅಲ್ಲಾಡಿಸಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಂದು ಸಲ ನಿಮ್ಮ ನಲ್ಲಿ ನೀರನ್ನೂ ಪರೀಕ್ಷಿಸಿಡಿ. ಅದರಲ್ಲೇ ನೈಟ್ರೇಟ್ ಅಥವಾ ಸ್ವಲ್ಪ ಅಮೋನಿಯಾ ಇದ್ದರೆ ಮುಂದೆ ಟ್ಯಾಂಕಿನ ಅಂಕಿ ನೋಡಿ ಗೊಂದಲವಾಗುವುದಿಲ್ಲ.

ದಿನಕ್ಕೊಮ್ಮೆ ಪರೀಕ್ಷೆ ಮಾಡಿ ಬರೆದಿಡಿ. ಅಮೋನಿಯಾ ಮತ್ತು ನೈಟ್ರೈಟ್ ಎರಡನ್ನೂ ಕೂಡಿಸಿ. ಮೊತ್ತ 0.5 ಪಿಪಿಎಂ, ಅಂದರೆ ಲೀಟರಿಗೆ 0.5 ಮಿಲಿಗ್ರಾಂ, ಮುಟ್ಟಿದರೆ ಅವತ್ತು ಅರ್ಧ ನೀರು ಬದಲಿಸಿ. 0.25ರ ಹತ್ತಿರ ಇದ್ದರೆ ಕಾಲು ಭಾಗ ಬದಲಿಸಿದರೂ ನಡೆಯುತ್ತದೆ. 1ಕ್ಕಿಂತ ಜಾಸ್ತಿ ಇದ್ದರೆ ಇವತ್ತು ಮಾಡಿದ ಹಾಗೆ ಎರಡು ಸಲ. ಸ್ವಲ್ಪವಾದರೂ ಅಮೋನಿಯಾ ಉಳಿಯದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದು ಹೇಗೆ ಎಂದು ಕೇಳಬಹುದು. ಪರೀಕ್ಷೆಯಲ್ಲಿ ಕಾಣಿಸದಷ್ಟು ಕಡಿಮೆ ಅಮೋನಿಯಾದಲ್ಲೂ ಅವು ಬೆಳೆಯುತ್ತವೆ, ಮೀನು ದಿನವಿಡೀ ಬಿಡುತ್ತಲೇ ಇರುತ್ತದಲ್ಲ. ಸೈಕಲ್ ಬೇಗ ಮುಗಿಯಲಿ ಎಂದು ಮೀನನ್ನು ವಿಷದಲ್ಲಿ ಇಡುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಎರಡನೇ, ಮೂರನೇ ವಾರದ ಹೊತ್ತಿಗೆ ಅಮೋನಿಯಾ ಇಳಿಯುತ್ತದೆ. ದಯವಿಟ್ಟು ಆಗ ಪರೀಕ್ಷೆ ನಿಲ್ಲಿಸಬೇಡಿ. ಹೊಸಬರು ಮೀನು ಕಳೆದುಕೊಳ್ಳುವುದು ಬಹಳ ಸಲ ಇಲ್ಲೇ. ಅಮೋನಿಯಾ ಇಳಿಯುತ್ತಿದೆ ಎಂದರೆ ಅದು ನೈಟ್ರೈಟ್ ಆಗುತ್ತಿದೆ ಎಂದರ್ಥ. ಅದನ್ನು ಮುಂದಕ್ಕೆ ಬದಲಿಸುವ ಗುಂಪು ಇನ್ನೂ ಬೆಳೆದಿರುವುದಿಲ್ಲ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದಿಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದರೂ ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ.

ಇದಕ್ಕೆ ಒಂದು ಸುಲಭದ ರಕ್ಷಣೆ ಇದೆ: ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ನುಗ್ಗುವ ದಾರಿಯನ್ನೇ ಹಿಡಿದುಕೊಳ್ಳುತ್ತದೆ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ನಿಮ್ಮ ಟ್ಯಾಂಕಿಗೆ 40 ಗ್ರಾಂ ಸಾದಾ ಉಪ್ಪು. ಒಂದು ಮಗ್ ಟ್ಯಾಂಕ್ ನೀರಿನಲ್ಲಿ ಕರಗಿಸಿ ನಿಧಾನಕ್ಕೆ ಸುರಿಯಿರಿ, ಹರಳನ್ನು ನೇರವಾಗಿ ಎಸೆಯಬೇಡಿ. ಇನ್ನೊಂದು ಮಾತು ನೆನಪಿರಲಿ. ನೀರು ಆವಿಯಾದರೂ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 20 ಲೀಟರ್ ತೆಗೆದು ಹೊಸದು ಹಾಕಿದರೆ 20 ಗ್ರಾಂ ಸೇರಿಸಿ. ಆವಿಯಾದ ನೀರನ್ನು ತುಂಬುವಾಗ ಏನೂ ಸೇರಿಸಬೇಡಿ. ನೈಟ್ರೈಟ್ ಸೊನ್ನೆಗೆ ಬಂದ ಮೇಲೆ ಉಪ್ಪು ಹಾಕುವುದನ್ನು ನಿಲ್ಲಿಸಿದರೆ ವಾರದ ನೀರು ಬದಲಾವಣೆಯಲ್ಲೇ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಅಮೋನಿಯಾಕ್ಕೆ ಮಾತ್ರ ಉಪ್ಪಿನಿಂದ ಪ್ರಯೋಜನವಿಲ್ಲ.

ಸೈಕಲ್ ನಡೆಯುವ ದಿನಗಳಲ್ಲಿ ಮೀನಿನ ಮೈಮೇಲೋ ರೆಕ್ಕೆಯ ಅಂಚಿಗೋ ಮಸಿ ಬಳಿದ ಹಾಗೆ ಕಪ್ಪು ಮಚ್ಚೆ ಬಂದರೆ ಗಾಬರಿ ಬೇಡ. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗ ಹೀಗಾಗುವುದುಂಟು, ನೀರು ಸರಿಯಿದ್ದರೆ ಕೆಲವು ವಾರಗಳಲ್ಲಿ ಮಾಸಿಹೋಗುತ್ತದೆ. ಅದಕ್ಕೆ ಔಷಧಿ ಹಾಕಬೇಡಿ.

ಹೊಸ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇನ್ನು ಒಂದು ತಿಂಗಳು ನೀವು ಬಹಳ ನೀರು ಹಾಕುತ್ತೀರಿ. ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ, ಗಾಳಿ ಹಾಯಿಸಿದರೆ ಇನ್ನೂ ಬೇಗ. ಆದರೆ ಎಷ್ಟೋ ಕಡೆ ಕ್ಲೋರಿನ್ ಬದಲು ಕ್ಲೋರಮೈನ್, ಅಂದರೆ ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆದದ್ದನ್ನು, ಬೆರೆಸುತ್ತಾರೆ. ಅದು ಹಾಗೆ ಹಾರಿಹೋಗುವುದಿಲ್ಲ. ನಿಮ್ಮ ನೀರಲ್ಲಿ ಯಾವುದಿದೆ ಎಂದು ನೀರು ಪೂರೈಸುವವರನ್ನು ಕೇಳಿ ತಿಳಿಯಬಹುದು. ತಿಳಿಯದಿದ್ದರೆ ಕಂಡೀಶನರ್, ಅಂದರೆ ಕ್ಲೋರಿನ್ ತೆಗೆಯುವ ದ್ರವ, ಬಳಸುವುದೇ ವಾಸಿ. ಸಾಮಾನ್ಯ ಕಂಡೀಶನರಿನಲ್ಲಿರುವ ಸೋಡಿಯಂ ಥಯೋಸಲ್ಫೇಟ್ ಕ್ಲೋರಿನ್ನನ್ನು ಕ್ಷಣದಲ್ಲಿ ಮುಗಿಸುತ್ತದೆ. ಕ್ಲೋರಮೈನ್ ಆದರೆ ಕ್ಲೋರಿನ್ ಹೋಗಿ ಅಮೋನಿಯಾ ಉಳಿದುಬಿಡುತ್ತದೆ. ಅದಕ್ಕಾಗಿ ಅಮೋನಿಯಾವನ್ನೂ ಹಿಡಿದಿಡುವ ಕಂಡೀಶನರ್ ಬೇಕು, ಬಾಟಲಿಯ ಮೇಲೆ ಅದನ್ನು ಬರೆದಿರುತ್ತಾರೆ. ಬಾವಿ ಅಥವಾ ಕೊಳವೆ ಬಾವಿಯ ನೀರಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ನೆಲದೊಳಗಿಂದ ಆಗಷ್ಟೇ ಬಂದ ನೀರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರಬಹುದು. ಕೆಲವು ಗಂಟೆ ಗಾಳಿ ಹಾಯಿಸಿ ಬಳಸಿ.

ಕುಡಿಯಲು ಶುದ್ಧ ಮಾಡಿದ ಆರ್‌ಒ ನೀರೇ ಮೀನಿಗೂ ಒಳ್ಳೆಯದು ಎಂದುಕೊಂಡು ಅದನ್ನೇ ತುಂಬಿಸುವವರಿದ್ದಾರೆ. ಗೋಲ್ಡ್ ಫಿಶ್‌ಗೆ ಅದು ಬೇಡ. ಅದರಲ್ಲಿ ಲವಣಗಳು ಬಹುತೇಕ ಇಲ್ಲ. ಮುಖ್ಯವಾಗಿ ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, ಇರುವುದಿಲ್ಲ. ಪಿಎಚ್ ಕುಸಿಯದ ಹಾಗೆ ತಡೆದು ನಿಲ್ಲಿಸುವುದು ಇದೇ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಬದಲಿಸುವಾಗ ಆಮ್ಲ ಹುಟ್ಟುತ್ತದೆ, ಅದು ದಿನಾ ಸ್ವಲ್ಪ ಸ್ವಲ್ಪ ಕೆಎಚ್ ತಿನ್ನುತ್ತದೆ. ಅಮೋನಿಯಾದ ಪ್ರತಿ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಖರ್ಚು. ಕೆಎಚ್ ಮುಗಿದ ದಿನ ಪಿಎಚ್ ಧಡಕ್ಕನೆ ಇಳಿಯುತ್ತದೆ. 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾದ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಕೆಎಚ್ 4 ಡಿಗ್ರಿ, ಅಂದರೆ ಲೀಟರಿಗೆ 70 ಮಿಲಿಗ್ರಾಂ, ಇದಕ್ಕಿಂತ ಕೆಳಗಿಳಿಯದ ಹಾಗೆ ನೋಡಿಕೊಳ್ಳಿ. ಕಡಿಮೆಯಿದ್ದರೆ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕೆಎಚ್ಚನ್ನು 1 ಡಿಗ್ರಿ ಏರಿಸುತ್ತದೆ. ನಿಮ್ಮ ಟ್ಯಾಂಕಿಗೆ 1.2 ಗ್ರಾಂ. ಒಂದೇ ದಿನಕ್ಕೆ 1 ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ, ನೀರಲ್ಲಿ ಅಮೋನಿಯಾ ಕಾಣಿಸುತ್ತಿರುವಾಗಲಂತೂ ಸೋಡಾ ಹಾಕುವುದೇ ಬೇಡ. ಯಾಕೆಂದರೆ ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ. 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದರೆ ಅಮೋನಿಯಾದ ಶೇಕಡಾ 0.6ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ 5ನ್ನು ದಾಟುತ್ತದೆ. ಕಿಟ್ಟಿನಲ್ಲಿ ಎರಡೂ ಸಲ ಒಂದೇ ಬಣ್ಣ ಕಾಣಿಸುತ್ತದೆ, ಮೀನಿಗೆ ಆಗುವ ಹಾನಿ ಮಾತ್ರ ಬೇರೆ.

ಹಾಗೆಂದು ಪಿಎಚ್ ಇಳಿಸುವ ದ್ರವ ತರಬೇಡಿ. ಗೋಲ್ಡ್ ಫಿಶ್‌ಗೆ 7ರಿಂದ 8.4ರವರೆಗೆ ಯಾವುದಾದರೂ ಸರಿ. ದಿನಕ್ಕೊಂದು ಪಿಎಚ್ ಆಗುವುದು ಮಾತ್ರ ಅದಕ್ಕೆ ಆಗಿಬರುವುದಿಲ್ಲ.

ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಬಹುದಾ? ಹಾಕಬಹುದು, ಆದರೆ ಅದನ್ನೇ ನಂಬಿ ಪರೀಕ್ಷೆ ಬಿಡಬೇಡಿ. ನೈಟ್ರೈಟನ್ನು ಬದಲಿಸುವುದು ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಎಂದು ಬಹಳ ಕಾಲ ನಂಬಿದ್ದರು. ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಎಂದು ಸಂಶೋಧಕ ತಿಮೋತಿ ಹೊವಾನೆಕ್ ಮತ್ತು ಅವರ ಜೊತೆಗಾರರು 1998ರಲ್ಲಿ ತೋರಿಸಿದರು. ಬಾಟಲಿಯಲ್ಲಿ ಯಾವುದಿದೆ, ಅಂಗಡಿಯ ಕಪಾಟಿನಲ್ಲಿ ಎಷ್ಟು ಬಿಸಿಲು ಕಂಡಿದೆ, ಒಳಗೆ ಇನ್ನೂ ಜೀವ ಇದೆಯಾ ಎನ್ನುವುದು ಹೊರಗಿಂದ ತಿಳಿಯುವುದಿಲ್ಲ. ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ ಇನ್ನೊಂದಿದೆ. ಪರಿಚಯದವರ ಮನೆಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಸ್ಪಂಜಿನಲ್ಲಿ ಒಂದು ತುಂಡು ಕೇಳಿ. ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿಕೊಂಡು ತಂದು, ಒಣಗದ ಹಾಗೆ ಅವತ್ತೇ ನಿಮ್ಮ ಫಿಲ್ಟರಿನೊಳಗೆ ಇಡಿ. ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ. ಹೊಸಬರಿಗೆ ಒಂದೇ ಒಂದು ಸಲಹೆ ಕೊಡಬೇಕೆಂದರೆ ನಾನು ಕೊಡುವುದು ಇದನ್ನೇ.

ಊಟ ಎರಡು ದಿನ ಬಿಟ್ಟು ಶುರು ಮಾಡಿ. ಸೈಕಲ್ ಮುಗಿಯುವ ತನಕ ದಿನಕ್ಕೆ ಒಂದೇ ಸಲ, ಒಂದು ನಿಮಿಷದಲ್ಲಿ ಮುಗಿಸುವಷ್ಟು. ಗೋಲ್ಡ್ ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಅದಕ್ಕೇ ಯಾವಾಗ ನೋಡಿದರೂ ಹಸಿದಿರುವ ಹಾಗೆ ಗಾಜಿನ ಹತ್ತಿರ ಬರುತ್ತದೆ. ಅದರ ಬೇಡಿಕೆಗೆ ಮಣಿದರೆ ಅಷ್ಟೂ ಅಮೋನಿಯಾ ಆಗುತ್ತದೆ. ಕೆಳಗೆ ಬಿದ್ದ ಕಾಳನ್ನು ಅವತ್ತೇ ಪೈಪಿನಿಂದ ಎಳೆದು ತೆಗೆಯಿರಿ. ನೀರಿನ ಬಿಸಿ 18ರಿಂದ 24 ಡಿಗ್ರಿಯೊಳಗಿದ್ದರೆ ಚೆನ್ನ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಇಳಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ, 30ಕ್ಕೆ ಹೋದರೆ 7.5ರ ಸುತ್ತಮುತ್ತ.

ಸೈಕಲ್ ಮುಗಿಯಿತೆಂದು ತಿಳಿಯುವುದು ಹೀಗೆ. ನೀರು ಬದಲಿಸದೆಯೇ ಒಂದು ವಾರ ಅಮೋನಿಯಾ 0, ನೈಟ್ರೈಟ್ 0 ಬರಬೇಕು, ನೈಟ್ರೇಟ್ ಮಾತ್ರ ನಿಧಾನಕ್ಕೆ ಏರುತ್ತಿರಬೇಕು. ಆಮೇಲೆ ದಿನದ ಪರೀಕ್ಷೆ ಬೇಡ, ವಾರಕ್ಕೊಂದು ಸಾಕು. ನೈಟ್ರೇಟ್ 40 ಪಿಪಿಎಂ ದಾಟಬಾರದು, 20ರೊಳಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಟ್ಯಾಂಕಿಗೆ ವಾರದಲ್ಲಿ ಎರಡು ಸಲ ನೀರು ಬದಲಿಸಬೇಕಾಗಬಹುದು, ಯಾಕೆಂದರೆ ಅದು ಈ ಮೀನುಗಳಿಗೆ ಚಿಕ್ಕದು.

ಹಾಗಾಗಿ ಮೂರನೇ ಮೀನು ಈ ಟ್ಯಾಂಕಿಗೆ ಬೇಡ. ಈಗಿರುವ ಎರಡಕ್ಕೇ ಜಾಗ ಸಾಲದು. ಜೋಡಿ ಬಾಲದ, ಗುಂಡು ಮೈಯ ಜಾತಿಗಳು 15ರಿಂದ 20 ಸೆಂಟಿಮೀಟರ್ ಬೆಳೆಯುತ್ತವೆ. ಮೊದಲ ಮೀನಿಗೆ 75 ಲೀಟರ್, ಆಮೇಲಿನ ಪ್ರತಿಯೊಂದಕ್ಕೂ 40 ಲೀಟರ್ ಎಂದು ಲೆಕ್ಕ ಹಾಕಿ. ಒಂಟಿ ಬಾಲದ ಕಾಮೆಟ್ ಅಥವಾ ಸಾಮಾನ್ಯ ಗೋಲ್ಡ್ ಫಿಶ್ ಆದರೆ 30 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು, ಅವಕ್ಕೆ ಕೊನೆಗೆ ಕೊಳವೇ ಬೇಕು. ಈ ಮೀನುಗಳು ಚೆನ್ನಾಗಿ ನೋಡಿಕೊಂಡರೆ ಹತ್ತಿಪ್ಪತ್ತು ವರ್ಷ ಬದುಕುತ್ತವೆ. ಸಾಧ್ಯವಾದಷ್ಟು ಬೇಗ 120 ಲೀಟರಿನ ಹತ್ತಿರದ ಟ್ಯಾಂಕ್ ನೋಡಿ. ಸೈಕಲ್ ಮುಗಿಯಲಿ ಎಂದು ಕಾಯಬೇಕಾಗಿಲ್ಲ, ನೀರು ಜಾಸ್ತಿ ಇದ್ದಷ್ಟೂ ಅಮೋನಿಯಾ ತೆಳುವಾಗಿ ಈ ಆರು ವಾರ ನಿಮಗೂ ಸುಲಭವಾಗುತ್ತದೆ. ಬದಲಿಸುವ ದಿನ ಈಗಿನ ಫಿಲ್ಟರನ್ನು ತೊಳೆಯದೆ ಹಾಗೇ ಹೊಸ ಟ್ಯಾಂಕಿಗೆ ತೂಗುಹಾಕಿ. ಅದರ ಜೊತೆಗೆ, ಗಂಟೆಗೆ ಟ್ಯಾಂಕಿನ ನೀರನ್ನು ಐದಾರು ಸಲವಾದರೂ ತಿರುಗಿಸುವಂಥ ದೊಡ್ಡ ಫಿಲ್ಟರ್ ಒಂದನ್ನು ಹಾಕಿ ಎರಡನ್ನೂ ಒಟ್ಟಿಗೆ ಓಡಿಸಿ. ಒಂದೆರಡು ತಿಂಗಳು ಕಳೆದ ಮೇಲೆ ಚಿಕ್ಕದನ್ನು ತೆಗೆಯಬಹುದು. ಟ್ಯಾಂಕ್ ಬದಲಿಸಿದ ಮೊದಲ ವಾರ ಮತ್ತೆ ದಿನಾ ಪರೀಕ್ಷೆ ಮಾಡಿ.